ಫೆಬ್ರುವರಿಯ ದಣಿದ ಸಂಜೆಗೂ ಉಳಿಯುವ ಗುರಿ: ಹೊಸ ವರ್ಷಕ್ಕೊಂದು ಸಮಗ್ರ ಮಾರ್ಗದರ್ಶಿ

ನನ್ನ ಹಳೆಯ ಡೈರಿಗಳ ಮೊದಲ ಪುಟಗಳನ್ನಷ್ಟೇ ಒಂದಾದ ಮೇಲೊಂದು ತೆರೆದು ನೋಡಿದರೆ ಐದು ವರ್ಷ ಒಂದೇ ಸಾಲು ಕಾಣುತ್ತದೆ: ‘ಬೆಳಿಗ್ಗೆ ಐದಕ್ಕೆ ಏಳುವುದು, ಒಂದು ಗಂಟೆ ನಡೆಯುವುದು.’ ಪ್ರತಿ ಸಲವೂ ಮನಸಾರೆ ಬರೆದದ್ದೇ. ಪ್ರತಿ ಸಲವೂ ಜನವರಿ ಮುಗಿಯುವಷ್ಟರಲ್ಲಿ ನಿಂತುಹೋದದ್ದೇ. ಇಂಥವರನ್ನು ಆರಂಭಶೂರರು ಎನ್ನುತ್ತಾರೆ. ನಾನೂ ಬಹುಕಾಲ ಹಾಗೆಯೇ ನಂಬಿ, ನನ್ನಲ್ಲೇ ಏನೋ ಕೊರತೆಯಿದೆ ಎಂದು ನೊಂದುಕೊಂಡಿದ್ದೆ.

ಆರನೆಯ ವರ್ಷ ಒಂದು ಸಂಗತಿ ಹೊಳೆಯಿತು. ಆ ಸಾಲು ಬರೆಯುವಾಗಲೆಲ್ಲ ನಾನು ರಜೆಯಲ್ಲಿರುತ್ತಿದ್ದೆ. ನಿದ್ದೆ ಚೆನ್ನಾಗಿ ಆಗಿರುತ್ತಿತ್ತು, ಮನಸ್ಸು ಹಗುರವಾಗಿರುತ್ತಿತ್ತು. ಅದನ್ನು ನಡೆಸಬೇಕಾಗಿದ್ದದ್ದು ಮಾತ್ರ ಫೆಬ್ರುವರಿಯ ಯಾವುದೋ ಮಂಗಳವಾರ, ಹಿಂದಿನ ರಾತ್ರಿ ಕೆಲಸ ತಡವಾಗಿ ಮುಗಿದು ತಲೆ ಭಾರವಾಗಿರುವ ಹೊತ್ತಿನಲ್ಲಿ. ಚೈತನ್ಯ ತುಂಬಿದ ದಿನ ಬರೆದ ಯೋಜನೆಯನ್ನು ದಣಿದ ದಿನದ ಹೆಗಲಿಗೆ ಹೊರಿಸುತ್ತಿದ್ದೆ. ಆ ವರ್ಷದಿಂದ ದಣಿದ ದಿನವನ್ನೇ ಎದುರಿಗೆ ಕೂರಿಸಿಕೊಂಡು ಯೋಜನೆ ಬರೆಯಲು ಶುರು ಮಾಡಿದೆ. ಈ ಮಾರ್ಗದರ್ಶಿಯ ಪ್ರತಿ ಹೆಜ್ಜೆಯೂ ಆ ಒಂದು ಯೋಚನೆಯಿಂದಲೇ ಹುಟ್ಟಿದ್ದು.

ಶುರುವಿಗೆ ಮುಂಚೆ ಒಂದು ಅನುಮಾನ ಪರಿಹರಿಸಿಕೊಳ್ಳೋಣ. ‘ಜನವರಿ ಒಂದರಲ್ಲಿ ಏನಿದೆ? ಬದಲಾಗುವವರು ಯಾವತ್ತಾದರೂ ಬದಲಾಗುತ್ತಾರೆ’ ಎಂದು ಹೇಳುವವರಿದ್ದಾರೆ. ಆ ದಿನಕ್ಕೆ ನಿಜಕ್ಕೂ ಒಂದು ಬಲವಿದೆ. ಸಂಶೋಧಕರಾದ ಹೆಂಚೆನ್ ಡಾಯ್, ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಜೇಸನ್ ರೀಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರದ ಆರಂಭದಲ್ಲಿ, ತಿಂಗಳ ಆರಂಭದಲ್ಲಿ, ವರ್ಷದ ಆರಂಭದಲ್ಲಿ ವ್ಯಾಯಾಮಶಾಲೆಗೆ ಹೋಗುವವರ ಸಂಖ್ಯೆ ಏರುವುದು ಕಂಡುಬಂತು. ಹೊಸ ಪುಟ ತೆರೆದಾಗ ಹಳೆಯ ತಪ್ಪುಗಳು ಹಿಂದಿನ ಪುಟದಲ್ಲೇ ಉಳಿದವು ಅನ್ನಿಸುತ್ತದೆ. ಆ ಭಾವನೆಯೇ ಒಂದು ತಳ್ಳು ಕೊಡುತ್ತದೆ. ಮನಶ್ಶಾಸ್ತ್ರಜ್ಞ ಜಾನ್ ನಾರ್‌ಕ್ರಾಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಎರಡು ಗುಂಪುಗಳನ್ನು ಹೋಲಿಸಿತು. ಇಬ್ಬರಿಗೂ ಬದಲಾಗುವ ಆಸೆಯಿತ್ತು, ಆದರೆ ಒಂದು ಗುಂಪು ಮಾತ್ರ ಹೊಸ ವರ್ಷದ ಸಂಕಲ್ಪ ಮಾಡಿತ್ತು. ಆರು ತಿಂಗಳ ನಂತರ ಸಂಕಲ್ಪ ಮಾಡಿದವರಲ್ಲಿ ಶೇಕಡಾ 46 ಮಂದಿ ಇನ್ನೂ ಅದನ್ನು ಉಳಿಸಿಕೊಂಡಿದ್ದರು. ಬರೀ ಆಸೆಯಲ್ಲೇ ಇದ್ದವರಲ್ಲಿ ಶೇಕಡಾ 4. ಹಾಗಾಗಿ ಸಂಕಲ್ಪ ಮಾಡಲು ಸಂಕೋಚ ಬೇಡ. ಆ ತಳ್ಳು ಬೇಗ ಕರಗುತ್ತದೆ ಅನ್ನುವುದನ್ನಷ್ಟೇ ನೆನಪಿಟ್ಟುಕೊಂಡು, ಅದು ಇರುವಾಗಲೇ ಮುಂದಿನ ಕೆಲಸಗಳನ್ನು ಮುಗಿಸಿಕೊಳ್ಳಬೇಕು.

ಮೊದಲ ಹೆಜ್ಜೆ: ಹೋದ ವರ್ಷವನ್ನು ಒಮ್ಮೆ ಓದಿ

ಗುರಿ ಬರೆಯುವ ಮುಂಚೆ ಒಂದು ಗಂಟೆ ಬಿಡುವು ಮಾಡಿಕೊಂಡು ಕಳೆದ ಹನ್ನೆರಡು ತಿಂಗಳನ್ನು ತಿರುವಿ ಹಾಕಿ. ನೆನಪನ್ನು ನಂಬಬೇಡಿ, ಅದು ಕೊನೆಯ ಎರಡು ತಿಂಗಳನ್ನೇ ಇಡೀ ವರ್ಷ ಎಂದು ತೋರಿಸುತ್ತದೆ. ಮೊಬೈಲ್‌ನಲ್ಲಿರುವ ಫೋಟೋಗಳು, ಕ್ಯಾಲೆಂಡರ್‌ನ ಗುರುತುಗಳು, ಬ್ಯಾಂಕ್ ಖಾತೆಯ ವಿವರ, ಫೋನ್ ತೋರಿಸುವ ಪರದೆಯ ಸಮಯದ ಲೆಕ್ಕ, ಈ ನಾಲ್ಕನ್ನು ನೋಡಿದರೆ ವರ್ಷ ಹೇಗೆ ಹೋಯಿತು ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ.

ನೋಡುತ್ತಾ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಯಾವ ಕೆಲಸ ಮಾಡಿದ ದಿನ ರಾತ್ರಿ ಸಮಾಧಾನದಿಂದ ಮಲಗಿದೆ? ಯಾವುದನ್ನು ಶುರು ಮಾಡಿ ಬಿಟ್ಟೆ, ಬಿಟ್ಟ ವಾರ ಏನಾಗಿತ್ತು? ಯಾವುದನ್ನು ಯಾರೂ ಹೇಳದೆ, ಒತ್ತಾಯವಿಲ್ಲದೆ ವರ್ಷವಿಡೀ ಮಾಡಿಕೊಂಡು ಬಂದೆ?

ಎರಡನೆಯ ಪ್ರಶ್ನೆಯ ಮೇಲೆ ಹೆಚ್ಚು ಹೊತ್ತು ಕೂರಿ. ‘ಸೋಮಾರಿತನ’ ಎಂದು ಒಂದೇ ಪದದಲ್ಲಿ ಮುಗಿಸಬೇಡಿ. ಮನೆಯಲ್ಲಿ ಯಾರಿಗೋ ಹುಷಾರಿರಲಿಲ್ಲ, ಪ್ರಯಾಣ ಬಂತು, ಕಚೇರಿಯ ಸಮಯ ಬದಲಾಯಿತು, ಕತ್ತಲಾಗುವುದು ಬೇಗ ಶುರುವಾಯಿತು — ಕಾರಣ ಸಾಮಾನ್ಯವಾಗಿ ಇಷ್ಟು ಸಣ್ಣದು, ಇಷ್ಟು ಸ್ಪಷ್ಟವಾದದ್ದು. ಅದೇ ಕಾರಣ ಈ ವರ್ಷವೂ ಬರುತ್ತದೆ. ಈಗಲೇ ಹೆಸರಿಟ್ಟು ಬರೆದಿಟ್ಟರೆ ಮುಂದೆ ಅದಕ್ಕೆ ಉಪಾಯ ಹುಡುಕಬಹುದು.

ಎರಡನೆಯ ಹೆಜ್ಜೆ: ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟಿ

ಮನಸ್ಸಿನಲ್ಲಿರುವ ಎಲ್ಲ ಆಸೆಗಳನ್ನೂ ಒಂದು ಹಾಳೆಯ ಮೇಲೆ ಸುರಿಯಿರಿ. ಆರೋಗ್ಯ, ಓದು, ಹಣ, ಕೆಲಸ, ಸಂಬಂಧ, ಹೊಸ ವಿದ್ಯೆ, ಎಲ್ಲ ಬರಲಿ. ಹದಿನೈದು ಇಪ್ಪತ್ತು ಆದರೂ ಸರಿ. ಆ ಹಾಳೆಯನ್ನು ಎರಡು ದಿನ ಬಿಟ್ಟು ಮತ್ತೆ ನೋಡಿ. ಅದರಲ್ಲಿ ಒಂದನ್ನು ಆರಿಸಿಕೊಳ್ಳಿ, ಹೆಚ್ಚೆಂದರೆ ಎರಡು.

ಇದು ಓದುಗರಿಗೆ ಒಪ್ಪಿಗೆಯಾಗದ ಸಲಹೆ ಎಂದು ನನಗೆ ಗೊತ್ತು. ವರ್ಷದಲ್ಲಿ 365 ದಿನಗಳಿರುವಾಗ ಒಂದೇ ಗುರಿಯೇ ಅನ್ನಿಸುತ್ತದೆ. ಆದರೆ ಹೊಸ ಅಭ್ಯಾಸವೊಂದು ಬೇರೂರುವವರೆಗೆ ಪ್ರತಿದಿನ ಗಮನ ಬೇಡುತ್ತದೆ, ನೆನಪಿಟ್ಟುಕೊಂಡು ಮಾಡಬೇಕಾಗುತ್ತದೆ. ದಣಿದ ಸಂಜೆ ಒಂದನ್ನು ನೆನಪಿಟ್ಟುಕೊಳ್ಳಬಹುದು, ಆರನ್ನು ಆಗುವುದಿಲ್ಲ. ಉಳಿದವು ಎಲ್ಲಿಗೂ ಹೋಗುವುದಿಲ್ಲ. ಹಾಳೆಯನ್ನು ಜೋಪಾನವಾಗಿಡಿ, ಮೊದಲನೆಯದು ನೆಲೆನಿಂತ ಮೇಲೆ ಎರಡನೆಯದರ ಸರದಿ.

ಆರಿಸುವಾಗ ಎರಡು ಪರೀಕ್ಷೆ ಮಾಡಿ. ಒಂದು: ಈ ಗುರಿ ಮುಟ್ಟಿದ್ದು ಯಾರಿಗೂ ತಿಳಿಯದೇ ಹೋದರೂ, ಯಾರೂ ಹೊಗಳದಿದ್ದರೂ ನನಗೆ ಬೇಕೇ? ಬೇಡ ಅನ್ನಿಸಿದರೆ ಅದು ಬೇರೆಯವರ ಗುರಿ, ನಿಮ್ಮ ಹಾಳೆಗೆ ಬಂದು ಕೂತಿದೆ ಅಷ್ಟೇ. ಎರಡು: ಅದು ‘ಮಾಡುತ್ತೇನೆ’ ಎನ್ನುತ್ತದೆಯೋ ‘ಬಿಡುತ್ತೇನೆ’ ಎನ್ನುತ್ತದೆಯೋ? ಸ್ವೀಡನ್‌ನಲ್ಲಿ 1,066 ಜನರ ಹೊಸ ವರ್ಷದ ಸಂಕಲ್ಪಗಳನ್ನು ವರ್ಷವಿಡೀ ಹಿಂಬಾಲಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಹೊಸದೇನನ್ನೋ ಮಾಡುವ ಸಂಕಲ್ಪ ತೊಟ್ಟವರಲ್ಲಿ ಶೇಕಡಾ 58.9 ಮಂದಿ ಯಶಸ್ಸು ಕಂಡೆವು ಎಂದರೆ, ಏನನ್ನೋ ಬಿಡುವ ಸಂಕಲ್ಪದವರಲ್ಲಿ ಅದು ಶೇಕಡಾ 47.1. ಹಾಗಾಗಿ ‘ರಾತ್ರಿ ಮೊಬೈಲ್ ನೋಡುವುದಿಲ್ಲ’ ಎನ್ನುವುದನ್ನು ‘ರಾತ್ರಿ ಹತ್ತಕ್ಕೆ ಮೊಬೈಲನ್ನು ಹಜಾರದಲ್ಲಿ ಚಾರ್ಜಿಗೆ ಹಾಕಿ, ಹಾಸಿಗೆಯಲ್ಲಿ ಪುಸ್ತಕ ಹಿಡಿಯುತ್ತೇನೆ’ ಎಂದು ತಿರುಗಿಸಿ ಬರೆಯಿರಿ. ಕೈಗೆ ಕೆಲಸ ಸಿಕ್ಕರೆ ಮನಸ್ಸು ಖಾಲಿ ಜಾಗವನ್ನು ಕಾಯುತ್ತ ಕೂರುವುದಿಲ್ಲ.

ಇಲ್ಲೇ ಒಂದು ಮಾತು. ಯೇಲ್ ವಿಶ್ವವಿದ್ಯಾಲಯದ 1953ರ ವಿದ್ಯಾರ್ಥಿಗಳಲ್ಲಿ ಗುರಿ ಬರೆದಿಟ್ಟಿದ್ದ ಶೇಕಡಾ 3 ಮಂದಿ, ಇಪ್ಪತ್ತು ವರ್ಷಗಳ ನಂತರ ಉಳಿದೆಲ್ಲರಿಗಿಂತ ಹೆಚ್ಚು ಹಣ ಗಳಿಸಿದ್ದರು ಎಂಬ ಕಥೆಯನ್ನು ಅನೇಕ ಭಾಷಣಗಳಲ್ಲಿ ಕೇಳಿರುತ್ತೀರಿ. ಅಂಥ ಅಧ್ಯಯನ ನಡೆದೇ ಇಲ್ಲ. ಗುರಿಯನ್ನು ಬರೆಯುವುದು ಒಳ್ಳೆಯದೇ, ಬರೆದಾಗ ಯೋಚನೆ ಸ್ಪಷ್ಟವಾಗುತ್ತದೆ. ಬರೆದ ಮಾತ್ರಕ್ಕೆ ಏನೂ ಆಗುವುದಿಲ್ಲ.

ಮೂರನೆಯ ಹೆಜ್ಜೆ: ಗುರಿಯನ್ನು ಇವತ್ತಿನ ಕೆಲಸವಾಗಿ ಒಡೆಯಿರಿ

‘ಹೆಚ್ಚು ಓದಬೇಕು’ ಎನ್ನುವುದು ಆಸೆ. ‘ವರ್ಷಕ್ಕೆ ಹನ್ನೆರಡು ಪುಸ್ತಕ’ ಎನ್ನುವುದು ಗುರಿ. ‘ದಿನಕ್ಕೆ ಹತ್ತು ಪುಟ’ ಎನ್ನುವುದು ಕೆಲಸ. ದಣಿದ ಸಂಜೆಯಲ್ಲಿ ಮಾಡಲು ಸಾಧ್ಯವಾಗುವುದು ಕೆಲಸವನ್ನು ಮಾತ್ರ. ದಿನಕ್ಕೆ ಹತ್ತು ಪುಟವೆಂದರೆ ವರ್ಷಕ್ಕೆ 3,650 ಪುಟ. 250 ಪುಟಗಳ ಪುಸ್ತಕಗಳಾದರೆ ಹದಿನಾಲ್ಕು. ನೂರು ದಿನ ತಪ್ಪಿದರೂ ಹತ್ತು ಪುಸ್ತಕ ಮುಗಿದಿರುತ್ತವೆ. ಹನಿಗೂಡಿದರೆ ಹಳ್ಳ ಎಂದು ಹಿರಿಯರು ಹೇಳಿದ್ದನ್ನು ನಾನು ನಿಜವಾಗಿ ನಂಬಿದ್ದು ಈ ಲೆಕ್ಕ ಹಾಕಿದ ಮೇಲೆ.

ಫಲಿತಾಂಶ ನಿಮ್ಮ ಕೈಯಲ್ಲಿಲ್ಲದ ಗುರಿಗಳಿಗೆ ಇದು ಇನ್ನೂ ಮುಖ್ಯ. ತೂಕ ಇಷ್ಟು ಇಳಿಯಬೇಕು ಎಂದು ದೇಹಕ್ಕೆ ಆಜ್ಞೆ ಮಾಡಲು ಬರುವುದಿಲ್ಲ; ಇವತ್ತು ಅರ್ಧ ಗಂಟೆ ನಡೆಯುವುದು ನಿಮ್ಮ ಕೈಯಲ್ಲಿದೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಬಿರುಸಿನ ದೈಹಿಕ ಚಟುವಟಿಕೆ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ವಾರಕ್ಕೆ ಐದು ದಿನ, ಅರ್ಧರ್ಧ ಗಂಟೆಯ ಬಿರುಸು ನಡಿಗೆ.

ಕೆಲಸದ ಅಳತೆ ಹಾಕುವಾಗ ನಾವೆಲ್ಲರೂ ಎಡವುತ್ತೇವೆ. ಎಲ್ಲವೂ ಸರಿಯಾಗಿ ನಡೆಯುವ ದಿನವನ್ನು ಕಲ್ಪಿಸಿಕೊಂಡು ಲೆಕ್ಕ ಹಾಕುವುದು ಮನುಷ್ಯನ ರೂಢಿ. 1994ರ ಒಂದು ಅಧ್ಯಯನದಲ್ಲಿ, ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕು ಎಂದು ಕೇಳಿದಾಗ ಅವರು ಸರಾಸರಿ ಸುಮಾರು 34 ದಿನ ಎಂದರು. ನಿಜಕ್ಕೂ ಹಿಡಿದದ್ದು ಸುಮಾರು 55. ಆದ್ದರಿಂದ ಮೊದಲು ಮನಸ್ಸಿಗೆ ಬಂದ ಅಳತೆಯನ್ನು ಅರ್ಧ ಮಾಡಿ.

ಆಮೇಲೆ ಎರಡು ಗಾತ್ರ ಬರೆದಿಡಿ. ಒಂದು ಸಾಮಾನ್ಯ ದಿನದ್ದು, ಇನ್ನೊಂದು ಕೆಟ್ಟ ದಿನದ್ದು. ನಡಿಗೆಗೆ ಸಾಮಾನ್ಯ ದಿನ ಅರ್ಧ ಗಂಟೆ, ಕೆಟ್ಟ ದಿನ ಚಪ್ಪಲಿ ಹಾಕಿಕೊಂಡು ಐದು ನಿಮಿಷ. ಓದಿಗೆ ಹತ್ತು ಪುಟ, ಕೆಟ್ಟ ದಿನ ಒಂದು ಪುಟ. ಹೊಸ ಭಾಷೆ ಕಲಿಯಲು ಇಪ್ಪತ್ತು ನಿಮಿಷ, ಕೆಟ್ಟ ದಿನ ಎರಡು ಪದ. ಕೆಟ್ಟ ದಿನದ ಗಾತ್ರ ಎಷ್ಟು ಚಿಕ್ಕದಿರಬೇಕೆಂದರೆ, ಜ್ವರ ಬಿಟ್ಟು ಮೇಲೆದ್ದ ದಿನವೂ ಅದನ್ನು ಮಾಡಲು ಬೇಸರ ಆಗಬಾರದು. ಒಂದು ಪುಟ ಓದಿ ಏನು ಪ್ರಯೋಜನ ಎಂದು ಕೇಳಬಹುದು. ಆ ಪುಟದಿಂದ ಜ್ಞಾನ ಹೆಚ್ಚದಿರಬಹುದು, ಆದರೆ ಆ ಹೊತ್ತು, ಆ ಕುರ್ಚಿ, ಆ ಪುಸ್ತಕ ಇವುಗಳ ನಂಟು ಕಡಿಯದೆ ಉಳಿಯುತ್ತದೆ. ಅದನ್ನು ಉಳಿಸಿಕೊಳ್ಳುವುದೇ ಕೆಟ್ಟ ದಿನದ ಕೆಲಸ.

ನಾಲ್ಕನೆಯ ಹೆಜ್ಜೆ: ಹೊಸ ಅಭ್ಯಾಸಕ್ಕೆ ಗೂಟ ಹುಡುಕಿ

ಈ ಮಾರ್ಗದರ್ಶಿಯಿಂದ ಒಂದೇ ಒಂದು ಹೆಜ್ಜೆ ತೆಗೆದುಕೊಳ್ಳಬೇಕೆಂದರೆ ಇದನ್ನು ತೆಗೆದುಕೊಳ್ಳಿ.

ಇಂಗ್ಲೆಂಡಿನ ಸಂಶೋಧಕರು 248 ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. ಅಧ್ಯಯನ ಪ್ರಕಟವಾದದ್ದು 2002ರಲ್ಲಿ. ಮುಂದಿನ ವಾರದಲ್ಲಿ ಕನಿಷ್ಠ ಒಮ್ಮೆಯಾದರೂ ಇಪ್ಪತ್ತು ನಿಮಿಷ ವ್ಯಾಯಾಮ ಮಾಡುತ್ತಾರೆಯೇ ಎಂಬುದು ಪ್ರಶ್ನೆ. ಏನೂ ಹೇಳದ ಗುಂಪಿನಲ್ಲಿ ಶೇಕಡಾ 38 ಮಂದಿ ಮಾಡಿದರು. ವ್ಯಾಯಾಮದಿಂದ ಹೃದಯಕ್ಕೆ ಆಗುವ ಒಳಿತನ್ನು ಓದಿಸಿ ಹುರಿದುಂಬಿಸಿದ ಗುಂಪಿನಲ್ಲಿ ಶೇಕಡಾ 35. ಅಂದರೆ ಹುರಿದುಂಬಿಸಿದ್ದರಿಂದ ಏನೂ ಆಗಲಿಲ್ಲ. ಮೂರನೆಯ ಗುಂಪಿಗೆ ಅದನ್ನೇ ಓದಿಸಿ, ಜೊತೆಗೆ ‘ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ವ್ಯಾಯಾಮ ಮಾಡುತ್ತೇನೆ’ ಎಂದು ಬರೆಯಲು ಹೇಳಿದರು. ಅವರಲ್ಲಿ ಶೇಕಡಾ 91 ಮಂದಿ ಮಾಡಿದರು.

ಇಂಥ ಯೋಜನೆಗಳ ಮೇಲೆ ಹೆಚ್ಚು ಕೆಲಸ ಮಾಡಿದವರು ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್. ಅವರ ಸೂತ್ರ ಸರಳ: ‘ಹೀಗಾದಾಗ ಹೀಗೆ ಮಾಡುತ್ತೇನೆ.’ ಗೋಲ್‌ವಿಟ್ಸರ್ ಮತ್ತು ಪಾಸ್ಕಲ್ ಶೀರನ್ 2006ರಲ್ಲಿ ಇಂಥ 94 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಗುರಿ ಮುಟ್ಟುವುದರ ಮೇಲೆ ಗಮನಾರ್ಹ ಪರಿಣಾಮ ಕಂಡುಬಂತು. ಕಾರಣವೂ ಅರ್ಥವಾಗುವಂಥದ್ದೇ. ನಿರ್ಧಾರ ಮೊದಲೇ ಆಗಿರುವುದರಿಂದ ಆ ಗಳಿಗೆಯಲ್ಲಿ ‘ಈಗ ಮಾಡಲೇ, ಆಮೇಲೆ ಮಾಡಲೇ’ ಎಂಬ ಜಗ್ಗಾಟ ಇರುವುದಿಲ್ಲ. ದಣಿದವರು ಸೋಲುವುದು ಕೆಲಸದಲ್ಲಲ್ಲ, ಆ ಜಗ್ಗಾಟದಲ್ಲಿ.

ಹಸುವನ್ನು ಗೂಟಕ್ಕೆ ಕಟ್ಟುವ ಹಾಗೆ ಹೊಸ ಅಭ್ಯಾಸವನ್ನು ಈಗಾಗಲೇ ಗಟ್ಟಿಯಾಗಿರುವ ಹಳೆಯ ಅಭ್ಯಾಸಕ್ಕೆ ಕಟ್ಟಬೇಕು. ಗೂಟ ಅಲುಗಾಡುವಂತಿರಬಾರದು. ‘ಬಿಡುವಾದಾಗ’, ‘ಸಂಜೆ ಹೊತ್ತಿಗೆ’, ‘ಮನಸ್ಸು ಬಂದಾಗ’ ಇವು ಯಾವುವೂ ಗೂಟಗಳಲ್ಲ. ಹಲ್ಲುಜ್ಜಿ ಬ್ರಷ್ ಕೆಳಗಿಡುವ ಕ್ಷಣ, ಕಚೇರಿಯಿಂದ ಬಂದು ಬಾಗಿಲ ಚಿಲಕ ಹಾಕುವ ಕ್ಷಣ, ಮಗುವನ್ನು ಶಾಲೆಗೆ ಬಿಟ್ಟು ತಿರುಗುವ ಕ್ಷಣ, ರಾತ್ರಿ ದೀಪ ಆರಿಸುವ ಮುಂಚಿನ ಕ್ಷಣ — ಇವು ಗೂಟಗಳು. ದಿನವೂ ಬರುತ್ತವೆ, ಒಂದೇ ಜಾಗದಲ್ಲಿ ಬರುತ್ತವೆ, ಯಾರೂ ನೆನಪಿಸಬೇಕಿಲ್ಲ.

ಬರೆಯುವ ಕ್ರಮ ಹೀಗಿರಲಿ:

‘ರಾತ್ರಿ ಹಲ್ಲುಜ್ಜಿ ಬ್ರಷ್ ಇಟ್ಟ ಕೂಡಲೇ ಹಾಸಿಗೆಯ ಪಕ್ಕದ ಪುಸ್ತಕ ತೆಗೆದು ಹತ್ತು ಪುಟ ಓದುತ್ತೇನೆ.’
‘ಸಂಜೆ ಮನೆಗೆ ಬಂದು ಚೀಲ ಕೆಳಗಿಟ್ಟ ಕೂಡಲೇ, ಕೂರುವ ಮುಂಚೆ, ನಡಿಗೆಯ ಬೂಟು ಹಾಕಿಕೊಳ್ಳುತ್ತೇನೆ.’
‘ಸಂಬಳ ಜಮಾ ಆದ ಸಂದೇಶ ಬಂದ ಕೂಡಲೇ ಹತ್ತರಲ್ಲಿ ಒಂದು ಭಾಗವನ್ನು ಉಳಿತಾಯ ಖಾತೆಗೆ ವರ್ಗಾಯಿಸುತ್ತೇನೆ.’

ಎರಡನೆಯ ಸಾಲಿನಲ್ಲಿ ‘ಕೂರುವ ಮುಂಚೆ’ ಎಂಬುದನ್ನು ಗಮನಿಸಿ. ನನ್ನ ಸಂಜೆಯ ನಡಿಗೆ ಎರಡು ವರ್ಷ ಹಾಳಾದದ್ದು ಆ ಕುರ್ಚಿಯಿಂದ. ಒಮ್ಮೆ ಕೂತರೆ ಏಳುವುದು ಹೊಸದೊಂದು ನಿರ್ಧಾರವಾಗಿಬಿಡುತ್ತಿತ್ತು. ಎರಡೇ ಪದ ಸೇರಿಸಿದ ಮೇಲೆ ನಡಿಗೆ ನಿಂತಿಲ್ಲ. ನಿಮ್ಮ ದಿನದಲ್ಲೂ ಅಂಥದೊಂದು ಕುರ್ಚಿ ಇರುತ್ತದೆ. ಅದು ಎಲ್ಲಿದೆ ಎಂದು ಹುಡುಕಿ, ಗೂಟವನ್ನು ಅದಕ್ಕಿಂತ ಮುಂಚೆ ಹೂಡಿ.

ಇದರ ಜೊತೆಗೆ ಅಡ್ಡಿಗಳಿಗೂ ಒಂದೊಂದು ಸಾಲು ಬರೆಯಿರಿ. ಮೊದಲ ಹೆಜ್ಜೆಯಲ್ಲಿ ಹೆಸರಿಟ್ಟು ಬರೆದ ಕಾರಣಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ‘ಮಳೆ ಬಂದರೆ ಮನೆಯೊಳಗೇ ಹತ್ತು ನಿಮಿಷ ಮೆಟ್ಟಿಲು ಹತ್ತಿಳಿಯುತ್ತೇನೆ.’ ‘ಪ್ರಯಾಣದಲ್ಲಿದ್ದರೆ ಕೆಟ್ಟ ದಿನದ ಗಾತ್ರ ಮಾತ್ರ.’ ‘ಅತಿಥಿಗಳು ಬಂದಿದ್ದರೆ ಅವರು ಮಲಗಿದ ಮೇಲೆ ಒಂದು ಪುಟ.’

ಐದನೆಯ ಹೆಜ್ಜೆ: ಮನೆಯನ್ನು ನಿಮ್ಮ ಪರ ಮಾಡಿಕೊಳ್ಳಿ

ಮನಶ್ಶಾಸ್ತ್ರಜ್ಞೆ ವೆಂಡಿ ವುಡ್ ಮತ್ತು ಸಂಗಡಿಗರು ಜನರಿಗೆ ದಿನವಿಡೀ ತಾವು ಮಾಡುವುದನ್ನು ಆಗಾಗ ದಾಖಲಿಸಲು ಹೇಳಿ ಅಧ್ಯಯನ ಮಾಡಿದರು. ದಿನದ ಕೆಲಸಗಳಲ್ಲಿ ಸುಮಾರು ಶೇಕಡಾ 43 ಪಾಲು ಹೆಚ್ಚುಕಡಿಮೆ ಪ್ರತಿದಿನ, ಅದೇ ಜಾಗದಲ್ಲಿ, ಬಹುಮಟ್ಟಿಗೆ ಬೇರೇನನ್ನೋ ಯೋಚಿಸುತ್ತಲೇ ನಡೆಯುತ್ತವೆ ಎಂದು ಕಂಡಿತು. ನಮ್ಮ ದಿನದ ಇಷ್ಟು ದೊಡ್ಡ ಪಾಲನ್ನು ಸುತ್ತಲಿನ ವಸ್ತುಗಳೇ ನಡೆಸುತ್ತಿವೆ ಅಂದ ಮೇಲೆ, ಆ ವಸ್ತುಗಳ ಜಾಗ ಬದಲಿಸುವುದು ಮನಸ್ಸನ್ನು ಬದಲಿಸುವುದಕ್ಕಿಂತ ಸುಲಭ.

ಬೇಕಾದದ್ದು ಕಣ್ಣೆದುರು, ಕೈಗೆಟುಕುವಂತೆ ಇರಲಿ. ಬೇಡದ್ದು ದೂರ, ಎರಡು ಮೂರು ತೊಡಕುಗಳ ಆಚೆ ಇರಲಿ. ಪುಸ್ತಕ ಕಪಾಟಿನಲ್ಲಿ ಬೇಡ, ದಿಂಬಿನ ಮೇಲಿರಲಿ. ಬೂಟು ಬಾಗಿಲ ಬಳಿ, ಒಳಗೆ ಕಾಲುಚೀಲ ಸಮೇತ. ವಾದ್ಯ ಕಲಿಯುತ್ತಿದ್ದರೆ ಅದು ಪೆಟ್ಟಿಗೆಯೊಳಗಿರದೆ ಕೋಣೆಯ ನಡುವೆ ಇರಲಿ. ಉಳಿತಾಯಕ್ಕೆ ಬ್ಯಾಂಕಿನಲ್ಲಿ ಒಂದು ಸಲ ಸ್ವಯಂಚಾಲಿತ ಸೂಚನೆ ಕೊಟ್ಟುಬಿಟ್ಟರೆ ಮುಂದೆ ಹನ್ನೆರಡು ತಿಂಗಳು ನಿರ್ಧಾರವೇ ಬೇಕಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಅಭ್ಯಾಸ ಎಂದರೆ ಒಮ್ಮೆ ಮಾಡಿ ಮರೆಯಬಹುದಾದ ಅಭ್ಯಾಸ.

ಮೊಬೈಲ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಯಾಕೆಂದರೆ ಇವತ್ತು ಬಹುತೇಕ ಗುರಿಗಳ ಸಮಯವನ್ನು ನುಂಗುವುದು ಅದೇ. ಅದನ್ನು ದೂಷಿಸುತ್ತ ಕೂರುವ ಬದಲು ಇಷ್ಟು ಮಾಡಿ. ಅಲಾರಂಗೆಂದು ಬೇರೆ ಗಡಿಯಾರ ತಂದಿಟ್ಟುಕೊಳ್ಳಿ, ಆಗ ಫೋನ್ ಹಾಸಿಗೆಯ ಬಳಿ ಇರಲು ಕಾರಣವೇ ಉಳಿಯುವುದಿಲ್ಲ. ಮನುಷ್ಯರು ಕಳಿಸುವ ಸಂದೇಶ ಮತ್ತು ಕರೆಗಳನ್ನು ಬಿಟ್ಟು ಉಳಿದೆಲ್ಲ ಆ್ಯಪ್‌ಗಳ ಸೂಚನೆಗಳನ್ನು ನಿಲ್ಲಿಸಿ. ಹೆಚ್ಚು ಹೊತ್ತು ಹಿಡಿದಿಡುವ ಆ್ಯಪ್‌ ಯಾವುದೆಂದು ಪರದೆಯ ಸಮಯದ ಲೆಕ್ಕ ತೋರಿಸುತ್ತದೆ. ಅದನ್ನು ಅಳಿಸಿ, ಬೇಕೆನಿಸಿದಾಗ ಬ್ರೌಸರ್‌ನಲ್ಲಿ ತೆರೆಯಿರಿ. ಪ್ರತಿ ಸಲ ಪಾಸ್‌ವರ್ಡ್ ಹಾಕಬೇಕಾದ ಆ ಅರ್ಧ ನಿಮಿಷದಲ್ಲಿ ‘ಈಗ ನಿಜಕ್ಕೂ ಬೇಕೇ’ ಎಂದು ಕೇಳಿಕೊಳ್ಳಲು ಸಮಯ ಸಿಗುತ್ತದೆ.

ಖುಷಿಯನ್ನೂ ಯೋಜನೆಯಲ್ಲಿ ಸೇರಿಸಿ. ಇಷ್ಟದ ಕಥೆಯ ಧ್ವನಿಮುದ್ರಿಕೆಯನ್ನು ನಡೆಯುವಾಗ ಮಾತ್ರ ಕೇಳುವುದು, ಇಷ್ಟದ ಸಂಗೀತವನ್ನು ಮನೆ ಒಪ್ಪ ಮಾಡುವಾಗ ಮಾತ್ರ ಹಾಕುವುದು ಇಂಥ ಜೋಡಣೆಗಳು. ಮಿಲ್ಕ್‌ಮನ್ ಅವರ ತಂಡ 2014ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ಆಸಕ್ತಿ ಹುಟ್ಟಿಸುವ ಕಾದಂಬರಿಗಳ ಧ್ವನಿಮುದ್ರಿಕೆ ವ್ಯಾಯಾಮಶಾಲೆಯಲ್ಲಿ ಮಾತ್ರ ಸಿಗುವಂತೆ ಮಾಡಿದ ಗುಂಪು ಮೊದಮೊದಲು ಉಳಿದವರಿಗಿಂತ ಶೇಕಡಾ 51ರಷ್ಟು ಹೆಚ್ಚು ಸಲ ಅಲ್ಲಿಗೆ ಬಂತು. ರಜೆಯ ಬಿಡುವಿನ ನಂತರ ಆ ಪರಿಣಾಮ ಇಳಿದುಹೋಯಿತು. ಹಾಗಾಗಿ ರಜೆಯ ಮರುದಿನ ಜೋಡಣೆಯನ್ನು ಹೊಸದಾಗಿ ಕಟ್ಟಬೇಕು.

ಆರನೆಯ ಹೆಜ್ಜೆ: ಬಿಡಬೇಕಾದ ಅಭ್ಯಾಸವಿದ್ದರೆ

ಮೊದಲು ಒಂದು ವಾರ ಏನನ್ನೂ ಬದಲಿಸದೆ ಬರೀ ಬರೆದಿಡಿ: ಎಷ್ಟು ಹೊತ್ತಿಗೆ, ಎಲ್ಲಿ, ಯಾರ ಜೊತೆ, ಅದಕ್ಕೆ ಮುಂಚೆ ಏನು ಅನ್ನಿಸುತ್ತಿತ್ತು. ವಾರದ ಕೊನೆಗೆ ಒಂದೆರಡು ಕಿಡಿಗಳು ತಾವಾಗಿ ಕಾಣುತ್ತವೆ. ಬೇಸರವೋ, ಒಂಟಿತನವೋ, ಕೆಲಸದ ನಡುವಿನ ಖಾಲಿ ಹತ್ತು ನಿಮಿಷವೋ. ಆ ಕಿಡಿ ಮತ್ತೆ ಬಂದಾಗ ಅದಕ್ಕೆ ಬೇಕಾದದ್ದನ್ನೇ ಬೇರೆ ದಾರಿಯಲ್ಲಿ ಕೊಡಿ. ಒಂಟಿತನಕ್ಕೆ ಒಂದು ಕರೆ, ಬೇಸರಕ್ಕೆ ಬಾಲ್ಕನಿಯಲ್ಲಿ ಐದು ನಿಮಿಷ.

ಮದ್ಯ, ತಂಬಾಕು ಅಥವಾ ಇತರ ವ್ಯಸನಗಳನ್ನು ಈ ಮಾರ್ಗದರ್ಶಿಯ ವ್ಯಾಪ್ತಿಗೆ ತರಲು ನಾನು ಸಿದ್ಧವಿಲ್ಲ. ಅವಕ್ಕೆ ವೈದ್ಯರ ನೆರವು ಬೇಕು. ಹೆಚ್ಚು ಕಾಲದಿಂದ ವಿಪರೀತವಾಗಿ ಕುಡಿಯುತ್ತಿದ್ದವರು ಒಮ್ಮೆಗೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಾಗಬಹುದು. ಹೊಸ ವರ್ಷದ ಉತ್ಸಾಹದಲ್ಲಿ ಒಬ್ಬರೇ ಆ ಸಾಹಸ ಮಾಡದೆ, ಮೊದಲು ವೈದ್ಯರನ್ನು ಕಾಣಿ.

ಏಳನೆಯ ಹೆಜ್ಜೆ: ಗುರುತು ಹಾಕಿ

ಗೋಡೆಯ ಕ್ಯಾಲೆಂಡರ್, ಒಂದು ಪೆನ್. ಮಾಡಿದ ದಿನ ಒಂದು ಗೆರೆ, ಕೆಟ್ಟ ದಿನದ ಗಾತ್ರ ಮಾಡಿದ್ದರೆ ಒಂದು ಚುಕ್ಕೆ. ಅಷ್ಟು ಸಾಕು. 138 ಅಧ್ಯಯನಗಳನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯೊಂದು, ಪ್ರಗತಿಯನ್ನು ಆಗಾಗ ಗಮನಿಸುವುದರಿಂದ ಗುರಿ ಮುಟ್ಟುವ ಸಾಧ್ಯತೆ ಹೆಚ್ಚುತ್ತದೆ, ಅದನ್ನು ಬರೆದಿಟ್ಟಾಗ ಇನ್ನೂ ಹೆಚ್ಚುತ್ತದೆ ಎಂದು ತೋರಿಸಿತು. ಆ್ಯಪ್ ಬಳಸುವುದಾದರೆ ಬಳಸಿ. ನಾನು ಗೋಡೆಯನ್ನೇ ಆರಿಸಿಕೊಂಡೆ, ಏಕೆಂದರೆ ಗುರುತು ಹಾಕಲು ಫೋನ್ ತೆರೆದರೆ ಬೇರೆಯದೇ ಅರ್ಧ ಗಂಟೆ ಹೋಗುತ್ತಿತ್ತು.

ಎಂಟನೆಯ ಹೆಜ್ಜೆ: ತಪ್ಪಿದ ದಿನಕ್ಕೆ ಮೊದಲೇ ಉತ್ತರ ಬರೆದಿಡಿ

ತಪ್ಪುತ್ತದೆ. ಎಲ್ಲರಿಗೂ ತಪ್ಪುತ್ತದೆ. ವರ್ಷದ ಗುರಿಗಳು ಸಾಯುವುದು ತಪ್ಪಿದ ದಿನದಲ್ಲಲ್ಲ, ಅದರ ಮರುದಿನ.

ಅಭ್ಯಾಸ ಮೂಡಲು 21 ದಿನ ಸಾಕು ಎಂಬ ನಂಬಿಕೆ ಇಲ್ಲಿ ಬಹಳ ಹಾನಿ ಮಾಡಿದೆ. ಅದರ ಮೂಲ 1960ರಲ್ಲಿ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಬರೆದ ಮಾತು. ಶಸ್ತ್ರಚಿಕಿತ್ಸೆಯಿಂದ ಬದಲಾದ ತಮ್ಮ ಮುಖಕ್ಕೆ ಹೊಂದಿಕೊಳ್ಳಲು ರೋಗಿಗಳಿಗೆ ‘ಕನಿಷ್ಠ’ ಸುಮಾರು 21 ದಿನ ಬೇಕಾಗುತ್ತದೆ ಎಂದು ಅವರು ಗಮನಿಸಿದ್ದರು. ಮಾತು ಬಾಯಿಂದ ಬಾಯಿಗೆ ಹೋಗುವಾಗ ‘ಕನಿಷ್ಠ’ ಬಿದ್ದುಹೋಯಿತು, ಮುಖದ ಸಂಗತಿ ಅಭ್ಯಾಸದ ಸಂಗತಿಯಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 84 ದಿನ ಹಿಂಬಾಲಿಸಿದಾಗ ಕಂಡದ್ದು ಬೇರೆಯೇ. ಕೆಲಸ ಬಹುಮಟ್ಟಿಗೆ ತಾನಾಗಿ ಆಗುವ ಹಂತಕ್ಕೆ ಬರಲು ಬೇಕಾಗುವ ದಿನಗಳ ಮಧ್ಯಾಂಕ 66, ಅಂದರೆ ಅರ್ಧದಷ್ಟು ಮಂದಿಗೆ ಅದಕ್ಕಿಂತ ಕಡಿಮೆ, ಉಳಿದರ್ಧ ಮಂದಿಗೆ ಅದಕ್ಕಿಂತ ಹೆಚ್ಚು. ವ್ಯಕ್ತಿಯಿಂದ ವ್ಯಕ್ತಿಗೆ, ಕೆಲಸದಿಂದ ಕೆಲಸಕ್ಕೆ ಅದು 18ರಿಂದ 254 ದಿನಗಳವರೆಗೆ ಹರಡಿತ್ತು ಎಂದು ಅವರ ಲೆಕ್ಕ. ಇಪ್ಪತ್ತೆರಡನೆಯ ದಿನವೂ ಕಷ್ಟವೆನಿಸಿದರೆ ನಿಮ್ಮಲ್ಲಿ ಯಾವ ಕೊರತೆಯೂ ಇಲ್ಲ. ಇನ್ನೂ ಮೂರನೇ ಒಂದು ಭಾಗ ದಾರಿ ಬಂದಿದ್ದೀರಿ, ಅಷ್ಟೇ.

ಅದೇ ಅಧ್ಯಯನದ ಇನ್ನೊಂದು ಫಲಿತಾಂಶವನ್ನು ನಾನು ಕ್ಯಾಲೆಂಡರ್‌ನ ಪಕ್ಕದಲ್ಲೇ ಬರೆದು ಅಂಟಿಸಿದ್ದೇನೆ: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಮೂಡುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆ ಆಗಲಿಲ್ಲ.

ಆದರೆ ತಪ್ಪಿದ ದಿನದ ಸಂಜೆ ಮನಸ್ಸು ಹೇಳುವುದು ಬೇರೆ. ‘ಹೇಗೂ ಕೆಟ್ಟಿತಲ್ಲ, ಸೋಮವಾರದಿಂದ ನೋಡೋಣ’ ಎನ್ನುತ್ತದೆ. ಸೋಮವಾರ ಮುಂದಿನ ತಿಂಗಳಾಗುತ್ತದೆ, ಮುಂದಿನ ತಿಂಗಳು ಮುಂದಿನ ಜನವರಿಯಾಗುತ್ತದೆ. ಅದಕ್ಕೇ ಒಂದು ನಿಯಮ ಈಗಲೇ ಬರೆದಿಡಿ: ಒಂದು ದಿನ ತಪ್ಪಬಹುದು, ಸತತ ಎರಡು ದಿನ ತಪ್ಪುವುದಿಲ್ಲ. ಎರಡನೆಯ ದಿನ ಕೆಟ್ಟ ದಿನದ ಗಾತ್ರವಾದರೂ ಸರಿ, ಮಾಡಿಯೇ ಮಲಗುವುದು. ತಪ್ಪಿದ್ದನ್ನು ತುಂಬಿಸಲು ಎರಡರಷ್ಟು ಮಾಡಲು ಹೋಗಬೇಡಿ. ಅದು ಶಿಕ್ಷೆಯಂತಾಗಿ ಕೆಲಸದ ಮೇಲೆಯೇ ಜಿಗುಪ್ಸೆ ಹುಟ್ಟಿಸುತ್ತದೆ.

ನಿಮ್ಮನ್ನು ನೀವೇ ಬೈದುಕೊಳ್ಳುವುದೂ ಕೆಲಸಕ್ಕೆ ಬರುವುದಿಲ್ಲ. ಕೆನಡಾದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದ ವಿದ್ಯಾರ್ಥಿಗಳ ಪೈಕಿ ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಯ ಹೊತ್ತಿಗೆ ಕಡಿಮೆ ಮುಂದೂಡಿದರು. ಒಳ್ಳೆಯ ಗೆಳೆಯರೊಬ್ಬರು ಸೋತು ಬಂದರೆ ಅವರಿಗೆ ಏನು ಹೇಳುತ್ತೀರೋ ಅದನ್ನೇ ನಿಮಗೂ ಹೇಳಿಕೊಳ್ಳಿ. ಆಮೇಲೆ ಒಂದು ಪುಟ ಓದಿ ದೀಪ ಆರಿಸಿ.

ಒಂಬತ್ತನೆಯ ಹೆಜ್ಜೆ: ಒಬ್ಬರಿಗೆ ಹೇಳಿ

ಊರಿಗೆಲ್ಲ ಸಾರಬೇಕಿಲ್ಲ. ನಿಮ್ಮ ಒಳಿತು ಬಯಸುವ ಒಬ್ಬರಿಗೆ ಹೇಳಿ, ವಾರಕ್ಕೊಮ್ಮೆ ಕ್ಯಾಲೆಂಡರ್‌ನ ಫೋಟೋ ಕಳಿಸುತ್ತೇನೆ ಎಂದು ಒಪ್ಪಿಕೊಳ್ಳಿ. ಅವರು ಸಲಹೆ ಕೊಡಬೇಕಾಗಿಲ್ಲ, ನೋಡಿದರೆ ಸಾಕು.

ಹತ್ತನೆಯ ಹೆಜ್ಜೆ: ವಾರಕ್ಕೊಮ್ಮೆ ಹದಿನೈದು ನಿಮಿಷ

ವರ್ಷದಲ್ಲಿ 52 ವಾರಗಳಿವೆ. ಅಂದರೆ ಯೋಜನೆ ತಿದ್ದಿಕೊಳ್ಳಲು 52 ಅವಕಾಶ. ಒಂದೇ ದಿನ, ಒಂದೇ ಹೊತ್ತು ನಿಗದಿ ಮಾಡಿ ಕ್ಯಾಲೆಂಡರ್ ಮುಂದೆ ಕೂರಿ. ಗೆರೆಗಳೆಷ್ಟು, ಚುಕ್ಕೆಗಳೆಷ್ಟು, ಖಾಲಿ ಎಷ್ಟು ಎಂದು ನೋಡಿ. ವಾರದಲ್ಲಿ ಮೂರಕ್ಕಿಂತ ಹೆಚ್ಚು ಖಾಲಿ ಇದ್ದರೆ ನಿಮ್ಮನ್ನು ತಿದ್ದಲು ಹೋಗಬೇಡಿ, ಯೋಜನೆಯನ್ನು ತಿದ್ದಿ: ಗೂಟ ಬದಲಿಸಿ, ಇಲ್ಲವೇ ಗಾತ್ರ ಕಡಿಮೆ ಮಾಡಿ. ಎಲ್ಲವೂ ಚುಕ್ಕೆಗಳೇ ಆಗಿದ್ದರೆ ಆ ವಾರ ನಿಮಗೆ ವಿಶ್ರಾಂತಿ ಬೇಕಾಗಿದೆ ಎಂದರ್ಥ. ನಿದ್ದೆ ಏಳು ಗಂಟೆಗಿಂತ ಕಡಿಮೆ ಆಗುತ್ತಿದೆಯೇ ಎಂದು ಮೊದಲು ನೋಡಿಕೊಳ್ಳಿ. ನಿದ್ದೆಗೆಟ್ಟವರ ಮೇಲೆ ಯಾವ ಹೊಸ ಅಭ್ಯಾಸವೂ ನಿಲ್ಲುವುದಿಲ್ಲ.

ಮೂರು ತಿಂಗಳಿಗೊಮ್ಮೆ ದೊಡ್ಡ ಪ್ರಶ್ನೆ ಕೇಳಿ: ಈ ಗುರಿ ನನಗೆ ಇನ್ನೂ ಬೇಕೇ? ಬೇಡವಾದರೆ ಬಿಟ್ಟುಬಿಡಿ. ಕೆಟ್ಟ ದಿನದ ಸಂಜೆ ಬಿಡಬೇಡಿ, ಸಮಾಧಾನದ ಬೆಳಿಗ್ಗೆ ಕೂತು, ಕಾರಣ ಬರೆದು ಬಿಡಿ. ಕಳೆದ ವರ್ಷ ನಾನು ಹೊಸ ಭಾಷೆಯೊಂದನ್ನು ಕಲಿಯುವ ಗುರಿಯನ್ನು ಹೀಗೆ ಬಿಟ್ಟೆ. ಆ ಹೊತ್ತು ಅಮ್ಮನ ಆರೈಕೆಗೆ ಬೇಕಾಗಿತ್ತು. ಅದು ಸೋಲು ಅನ್ನಿಸಲಿಲ್ಲ.

ಬೇಕು ಎಂದಾದರೆ ಇನ್ನೊಂದು ಪರೀಕ್ಷೆ ಉಳಿದಿರುತ್ತದೆ. ಒಂದು ವಾರ ಗೋಡೆಯ ಮೇಲೆ ಗುರುತು ಹಾಕುವುದನ್ನು ನಿಲ್ಲಿಸಿ ನೋಡಿ. ವಾರದ ಕೊನೆಗೆ ಲೆಕ್ಕ ಹಾಕಿದಾಗ ಏಳರಲ್ಲಿ ಆರು ದಿನವಾದರೂ ಕೆಲಸ ತಾನಾಗಿ ನಡೆದಿದ್ದರೆ, ಡಿಸೆಂಬರ್‌ನಲ್ಲಿ ಜೋಪಾನ ಮಾಡಿದ್ದ ಆ ಹಾಳೆಯನ್ನು ಹೊರಗೆ ತೆಗೆಯಿರಿ. ಎರಡನೆಯ ಸಾಲಿಗೆ ಗೂಟ ಹುಡುಕುವ ಹೊತ್ತು ಬಂದಿದೆ. ತಿಂಗಳು ಏಪ್ರಿಲ್ ಆಗಿರಲಿ, ಆಗಸ್ಟ್ ಆಗಿರಲಿ, ಮೊದಲ ಹೆಜ್ಜೆಯಿಂದಲೇ ಶುರು ಮಾಡಿ.